ಶಾಲೆಯ ಗ್ರಂಥಾಲಯಕ್ಕೆ ಓದಿನ ದೇಣಿಗೆ: ಮಕ್ಕಳ ಕೈಯಲ್ಲಿ ಪುಸ್ತಕವಿರಲಿ, ಪಾವತಿ (ರಸೀದಿ) ಪುಸ್ತಕ ಬೇಡ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯ ಒಂದು ಅನುದಾನಿತ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿಯಾಗಿದ್ದೇನೆ. ಒಂದರಿಂದ ಎಂಟನೆಯ ತರಗತಿಯವರೆಗೆ 212 ಮಕ್ಕಳಿದ್ದಾರೆ. ಹೆಚ್ಚಿನವರು ನೇಕಾರರ ಹಾಗೂ ಕೂಲಿಕಾರರ ಮನೆಯವರು. ನಮ್ಮ ಗ್ರಂಥಾಲಯವೆಂದರೆ ಮುಖ್ಯಗುರುಗಳ ಕೋಣೆಯಲ್ಲಿ ಬೀಗ ಹಾಕಿಟ್ಟ ಒಂದು ತಿಜೋರಿ. ಮಕ್ಕಳು ಓದಿದ ಪ್ರತಿ ಪುಟಕ್ಕೆ ಇಂತಿಷ್ಟು ಎಂದು ಊರಿನವರಿಂದ ದೇಣಿಗೆ ಪಡೆದು, ಸುಮಾರು 50,000 ರೂಪಾಯಿ ಕೂಡಿಸಿ ಪುಸ್ತಕ ಮತ್ತು ಕಪಾಟು ತರಬೇಕೆಂಬ ವಿಚಾರವಿದೆ. ಅತಿ ಹೆಚ್ಚು ಓದಿದ ಮಗುವಿಗೆ ಸೈಕಲ್ ಬಹುಮಾನ ಇಡೋಣ ಎಂದು ಆಡಳಿತ ಮಂಡಳಿಯ ಹಿರಿಯರೊಬ್ಬರು ಹೇಳುತ್ತಿದ್ದಾರೆ. ಹಣವೂ ಬರಬೇಕು, ಮಕ್ಕಳಿಗೆ ಓದಿನ ಹುಚ್ಚೂ ಹಿಡಿಯಬೇಕು. ಇದನ್ನು ಹೇಗೆ ನಡೆಸಬೇಕು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಎರಡು ಆಸೆಗಳಿವೆ. ಅವು ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ತಾವಾಗಿಯೇ ಜೊತೆಯಾಗಿ ನಡೆಯುತ್ತವೆ ಎಂದು ನಂಬಿ ಕೈ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಓದಿನ ಲೆಕ್ಕಕ್ಕೆ ದೇಣಿಗೆ ಕಟ್ಟುವ ಈ ಪದ್ಧತಿ ಹೊಸತಲ್ಲ. ಆಸ್ಟ್ರೇಲಿಯಾದಲ್ಲಿ 1970ರ ದಶಕದ ಕೊನೆಯಿಂದಲೂ ನರರೋಗವೊಂದರಿಂದ ಬಳಲುವವರ ನೆರವಿಗಾಗಿ ಶಾಲಾ ಮಕ್ಕಳು ಹೀಗೆ ಪುಸ್ತಕ ಓದಿ ಹಣ ಕೂಡಿಸುತ್ತ ಬಂದಿದ್ದಾರೆ. ಅಲ್ಲಿ ಹಣ ಬೇರೆಯವರಿಗೆ ಹೋಗುತ್ತದೆ. ನಿಮ್ಮಲ್ಲಿ ಅದು ಓದಿದ ಮಗುವಿನ ಕೈಗೇ ಪುಸ್ತಕವಾಗಿ ಮರಳುತ್ತದೆ. ನಿಮಗಿರುವ ದೊಡ್ಡ ಅನುಕೂಲ ಇದು. ಆದರೆ ಪುಟದ ಲೆಕ್ಕ ಮತ್ತು ಸೈಕಲ್ಲಿನ ಆಸೆ ಎರಡೂ ಸೇರಿ ಆ ಅನುಕೂಲವನ್ನು ನುಂಗಿಬಿಡಬಲ್ಲವು. ಆದ್ದರಿಂದ ಮೊದಲು ಅವೆರಡನ್ನೂ ಕೈಬಿಡಬೇಕು ಎಂಬುದು ನನ್ನ ಸ್ಪಷ್ಟ ಸಲಹೆ.

ಪುಟದ ಲೆಕ್ಕದ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಮಾಸ್ತರನಾಗಿದ್ದಾಗ, ಪುಟಕ್ಕೆ ಹತ್ತು ಪೈಸೆ ಎಂದು ಗೊತ್ತುಮಾಡಿ, ಪ್ರತಿ ಮಗುವಿಗೂ ಐವರು ದಾನಿಗಳ ಹೆಸರು ಬರೆಸಿಕೊಂಡು ಬರಲು ಒಂದೊಂದು ಕಾರ್ಡು ಕೊಟ್ಟಿದ್ದೆ. ಆರನೆಯ ತರಗತಿಯ ಹುಡುಗನೊಬ್ಬ ಒಂಬತ್ತು ದಿನದಲ್ಲಿ ಸಾವಿರ ಪುಟ ದಾಟಿಸಿದ. ಸಂತೋಷದಿಂದ ಅವನನ್ನು ಪ್ರಾರ್ಥನೆಯ ವೇಳೆ ಮುಂದೆ ಕರೆದು, ಓದಿದ್ದರಲ್ಲಿ ಒಂದು ಕತೆ ಹೇಳು ಎಂದೆ. ಅವನು ಪುಸ್ತಕದ ಹೆಸರು ಹೇಳಿದ, ಅದರಲ್ಲಿ ಎಷ್ಟು ಪುಟಗಳಿವೆ ಎಂಬುದನ್ನು ಹೇಳಿದ, ಆಮೇಲೆ ಸುಮ್ಮನೆ ನಿಂತ. ಅವನದು ತಪ್ಪಲ್ಲ, ನಾನು ಕೇಳಿದ್ದು ಪುಟವನ್ನೇ, ಅವನು ಕೊಟ್ಟದ್ದೂ ಪುಟವನ್ನೇ.

ಅದಕ್ಕಿಂತ ಹೆಚ್ಚು ನೆನಪಿರುವುದು ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳ ಕಾರ್ಡು. ಐದೂ ಸಾಲಿನಲ್ಲಿ ಐದು ಹೆಸರು, ಐದು ಸಹಿ, ಎಲ್ಲವೂ ಒಂದೇ ಕೈಬರಹ, ಅದೂ ಪೆನ್ಸಿಲ್ಲಿನಲ್ಲಿ. ನಾನು ಎಲ್ಲರೆದುರು ಗದರಿಸಿದೆ. ಅವಳ ತಂದೆ-ತಾಯಿ ಕಬ್ಬು ಕಡಿಯುವ ಗ್ಯಾಂಗಿನೊಡನೆ ವರ್ಷದ ಐದಾರು ತಿಂಗಳು ಹೊರಗಿರುತ್ತಿದ್ದರು, ಹುಡುಗಿ ಅಜ್ಜಿಯ ಹತ್ತಿರ ಇರುತ್ತಿದ್ದಳು, ಹಣ ಕೇಳಲು ಅವಳಿಗೆ ಐದು ಮಂದಿ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕಿರಾಣಿ ಅಂಗಡಿಯವರ ಮಗನ ಕಾರ್ಡು ಮಾತ್ರ ಮೊದಲ ದಿನವೇ ತುಂಬಿ ಬಂದಿತ್ತು. ಓದಿನ ಸ್ಪರ್ಧೆ ಎಂದುಕೊಂಡು ನಾನು ನಡೆಸಿದ್ದು ಮನೆತನಗಳ ಸ್ಪರ್ಧೆ. ನಿಮ್ಮ ಶಾಲೆಯಲ್ಲಿ ಮಗುವಿನ ಹೆಸರಿಗೆ ದಾನಿಯ ಹೆಸರನ್ನು ಎಂದೂ ಕಟ್ಟಬೇಡಿ. ದಾನಿ ತರಗತಿಗೆ ಸೇರಿದವನಾಗಿರಲಿ, ಶಾಲೆಗೆ ಸೇರಿದವನಾಗಿರಲಿ.

ಸೈಕಲ್ಲಿನ ಮಾತಿಗೆ ಬರುತ್ತೇನೆ. ಆಡಳಿತ ಮಂಡಳಿಯ ಹಿರಿಯರ ಉದ್ದೇಶ ಒಳ್ಳೆಯದೇ ಇದ್ದೀತು; ಅವರ ಮುಂದೆ ಈ ಎರಡು ಸಂಗತಿಗಳನ್ನು ಇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಒಂದು ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಬಣ್ಣದ ಪೆನ್ನಿನಿಂದ ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮುಂಚೆಯೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಕೆಲವು ದಿನಗಳಾದ ಮೇಲೆ ನೋಡಿದರೆ, ಪ್ರಶಸ್ತಿಯ ಆಸೆ ತೋರಿಸಿದ ಮಕ್ಕಳೇ ಆ ಪೆನ್ನುಗಳನ್ನು ಮುಟ್ಟುವುದನ್ನು ಕಡಿಮೆ ಮಾಡಿದ್ದರು. ಉಳಿದವರಲ್ಲಿ ಆ ಇಳಿತ ಕಾಣಲಿಲ್ಲ. ಓದಿನ ಬಗೆಗೇ ನೇರವಾಗಿ ನಡೆದ ಇನ್ನೊಂದು ಅಧ್ಯಯನವಿದೆ. ಬಾರ್ಬರಾ ಮಾರಿನಾಕ್ ಮತ್ತು ಲಿಂಡಾ ಗ್ಯಾಂಬ್ರೆಲ್ 2008ರಲ್ಲಿ ಪ್ರಕಟಿಸಿದ ಅದರ ಪ್ರಕಾರ, ಓದಿದ್ದಕ್ಕೆ ಆಟಿಕೆಯಂಥ ಚಿಕ್ಕ ವಸ್ತು ಪಡೆದ ಮೂರನೆಯ ತರಗತಿಯ ಮಕ್ಕಳಿಗಿಂತ, ಪುಸ್ತಕವನ್ನೇ ಬಹುಮಾನವಾಗಿ ಪಡೆದವರೂ ಏನೂ ಪಡೆಯದವರೂ ಮುಂದೆ ತಾವಾಗಿ ಓದುವುದರಲ್ಲಿ ಹೆಚ್ಚು ಮನಸ್ಸು ತೋರಿದರು. ಹಿರಿಯರು ಸೈಕಲ್ಲಿಗೆಂದು ತೆಗೆದಿಟ್ಟ ಹಣವನ್ನು ಪುಸ್ತಕಕ್ಕೆ ಕೊಡುವಂತೆ ವಿನಂತಿಸಿ. ನಿಮ್ಮ 50,000ದಲ್ಲಿ ಆರೇಳು ಸಾವಿರ ಅಲ್ಲಿಯೇ ಬಂದೀತು.

ಹಾಗಾದರೆ ಎಣಿಸುವುದು ಏನನ್ನು? ದಿನವನ್ನು ಎಣಿಸಿ. ಒಂದು ಮಗು ಒಂದು ದಿನ ಶಾಲೆಯಲ್ಲಿ ಇಪ್ಪತ್ತು ನಿಮಿಷ ಪುಸ್ತಕದೊಡನೆ ಕುಳಿತರೆ ಅದು ಒಂದು. ದಪ್ಪ ಪುಸ್ತಕವಾದರೂ ಒಂದು, ಹದಿನಾರು ಪುಟದ ಚಿತ್ರಪುಸ್ತಕವಾದರೂ ಒಂದು. ಒಂದನೆಯ, ಎರಡನೆಯ ತರಗತಿಯ ಮಕ್ಕಳು ಕತೆ ಕೇಳಿದ್ದೂ ಓದೇ. ಇನ್ನೂ ಅಕ್ಷರ ಕೂಡಿಸಲು ಒದ್ದಾಡುವ ಐದನೆಯ ತರಗತಿಯ ಹುಡುಗನಿಗೂ ವೇಗವಾಗಿ ಓದುವ ಅವನ ಗೆಳತಿಗೂ ಆಗ ಒಂದೇ ಬೆಲೆ ಬರುತ್ತದೆ, ಮತ್ತು ಅವನು ಅವಳ ಪುಸ್ತಕ ನೋಡಿ ನಾಚಿಕೊಂಡು ತನಗೆ ದಕ್ಕದ ದಪ್ಪ ಪುಸ್ತಕ ಹಿಡಿಯುವ ಕಾರಣವೂ ಉಳಿಯುವುದಿಲ್ಲ.

ಈ ಲೆಕ್ಕ ಮಕ್ಕಳ ಕಣ್ಣಿಗೆ ಕಾಣುವಂತಿರಬೇಕು. ಗೋಡೆಯ ಮೇಲೆ ನಕ್ಷತ್ರ ಅಂಟಿಸುವ ಪಟ್ಟಿ ಎಲ್ಲ ಶಾಲೆಗಳಲ್ಲೂ ಆಗಿದೆ, ಮತ್ತು ಅದರಲ್ಲಿ ಯಾರ ಸಾಲು ಖಾಲಿ ಎಂಬುದೇ ಮೊದಲು ಕಾಣುತ್ತದೆ. ನೇಕಾರರ ಊರಿನಲ್ಲಿರುವ ನಿಮಗೆ ಬೇರೆ ದಾರಿ ಇದೆ. ಪ್ರತಿ ತರಗತಿಗೂ ಒಂದು ಗಟ್ಟಿ ರಟ್ಟಿನ ಚೌಕಟ್ಟು ಮಾಡಿ, ಮೇಲೆ ಕೆಳಗೆ ಅಂಚಿನಲ್ಲಿ ಕತ್ತರಿಯಿಂದ ಚಿಕ್ಕ ಕಚ್ಚು ಹಾಕಿ, ಉದ್ದಕ್ಕೆ ಹಾಸಿನ ದಾರ ಬಿಗಿದು ಕೊಡಿ. ಮಗ್ಗದ ಮನೆಗಳಲ್ಲಿ ಉಳಿದ ತುಂಡು ನೂಲು ಬೇಕಾದಷ್ಟು ಸಿಗುತ್ತದೆ. ಬರಿಯ ಒಂದು ನೂಲು ತೀರ ತೆಳುವಾಗುವುದರಿಂದ ನಾಲ್ಕೈದು ಕೂಡಿಸಿ ಹೊಸೆದುಕೊಂಡರೆ ಒಳ್ಳೆಯದು. ಓದು ಮುಗಿದ ಕೂಡಲೇ ಪ್ರತಿ ಮಗುವೂ ತನಗೆ ಬೇಕಾದ ಬಣ್ಣದ ಒಂದು ಎಳೆಯನ್ನು ಹೊಕ್ಕಿನಂತೆ ಅಡ್ಡಲಾಗಿ ತೂರಿಸಿ, ಬಾಚಣಿಕೆಯಿಂದ ಕೆಳಕ್ಕೆ ಒತ್ತಲಿ. ಮೂರನೆಯ ದಿನಕ್ಕೆ ಅದು ಬಟ್ಟೆಯ ಹಾಗೆ ಕಾಣತೊಡಗುತ್ತದೆ. ಯಾವ ಎಳೆ ಯಾರದು ಎಂದು ಆಮೇಲೆ ಯಾರೂ ಹೇಳಲಾರರು, ಆದರೆ ಎಲ್ಲರ ಎಳೆಯೂ ಅದರಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಒಟ್ಟು ಎಳೆಗಳ ಲೆಕ್ಕವನ್ನು ತರಗತಿಯ ಶಿಕ್ಷಕರು ಹಾಜರಿ ಪುಸ್ತಕದ ಪಕ್ಕದಲ್ಲಿ ಬರೆದಿಟ್ಟರೆ ಸಾಕು. ಲಾಳಿ, ಹಾಸು, ಹೊಕ್ಕು ಎಂಬ ಮಾತುಗಳನ್ನು ಮಕ್ಕಳು ನಿಮಗಿಂತ ಚೆನ್ನಾಗಿ ಬಲ್ಲರು. ಅಂಚು ಸೊಟ್ಟಗಾದರೆ ಅವರೇ ನಿಮ್ಮನ್ನು ತಿದ್ದುತ್ತಾರೆ.

ಇನ್ನು ಹಣ. ಹಣ ಕೇಳುವ ಕೆಲಸ ದೊಡ್ಡವರದು: ನೀವು, ಪಾಲಕರಲ್ಲಿ ಇಬ್ಬರು ಮೂವರು, ಆಡಳಿತ ಮಂಡಳಿಯವರು, ಹಳೆಯ ವಿದ್ಯಾರ್ಥಿಗಳು. ದಾನಿಗೆ ಹೇಳುವ ಮಾತು ಚಿಕ್ಕದಾಗಿ, ಲೆಕ್ಕ ಬಿಚ್ಚಿಟ್ಟಂತೆ ಇರಲಿ: “ಐದನೆಯ ತರಗತಿಯ 26 ಮಕ್ಕಳು ಇಪ್ಪತ್ತು ದಿನ ಓದುತ್ತಾರೆ. ಒಂದು ಮಗು ಒಂದು ದಿನ ಓದಿದರೆ ಒಂದು ಎಳೆ. ನೀವು ಎಳೆಗೆ ಒಂದು ರೂಪಾಯಿ ಕೊಟ್ಟರೆ ಹೆಚ್ಚೆಂದರೆ 520 ರೂಪಾಯಿ ಆಗುತ್ತದೆ.” ಎಲ್ಲಿಗೆ ಹೋಗಿ ಮುಟ್ಟೀತು ಎಂಬ ಹೆದರಿಕೆ ಇಲ್ಲದಿದ್ದರೆ ಅಂಗಡಿಯವರು ಬೇಗ ಒಪ್ಪುತ್ತಾರೆ, ಗರಿಷ್ಠ ಮೊತ್ತವನ್ನು ಮೊದಲೇ ಹೇಳುವುದು ಅದಕ್ಕಾಗಿ. ಪುಸ್ತಕಕ್ಕೆ ಕೈಯಿಂದ ಕೊಡುವುದು ನಮ್ಮ ಕಡೆಗೆ ಹೊಸ ಮಾತೂ ಅಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ವಚನಗಳ ತಾಡೋಲೆ ಕೂಡಿಸಿದರು, ಅವನ್ನು ಅಚ್ಚು ಹಾಕಿಸಲು ಇದ್ದ ಮನೆಯನ್ನೇ ಮಾರಿದರು. ಎಳೆಗೊಂದು ರೂಪಾಯಿಗೆ ಹಿಂದೆ ಮುಂದೆ ನೋಡುವ ಸಾಹುಕಾರರಿಗೆ ಈ ಕತೆ ಹೇಳಿ ನಾನು ಒಂದೆರಡು ಸಲ ಗೆದ್ದಿದ್ದೇನೆ.

ಲೆಕ್ಕವನ್ನು ಮುಂದುವರಿಸೋಣ. 26 ಮಕ್ಕಳ ಒಂದು ತರಗತಿಯಲ್ಲಿ ಗೈರುಹಾಜರಿ ಕಳೆದು ಮುಕ್ಕಾಲು ಪಾಲು ಎಳೆಗಳು ಬಿದ್ದವೆಂದರೆ 390. ಆ ತರಗತಿಗೆ ಎಳೆಗೊಂದು ರೂಪಾಯಿಯ ಹತ್ತು ದಾನಿಗಳಿದ್ದರೆ 3,900 ರೂಪಾಯಿ. ಎಂಟು ತರಗತಿಗೆ 31,200. ಎಂಬತ್ತು ದಾನಿಗಳು ಎಂದರೆ ಹೆಚ್ಚೆನಿಸಬಹುದು, ಆದರೆ ರಬಕವಿ, ಬನಹಟ್ಟಿಯ ಪೇಟೆಯಲ್ಲಿ ನೂಲಿನ ವ್ಯಾಪಾರಿಗಳು, ಪತ್ತಿನ ಸಹಕಾರಿ ಸಂಘಗಳು, ಔಷಧ ಅಂಗಡಿಗಳು, ಖಾನಾವಳಿಗಳು ಎಷ್ಟಿವೆ ಎಂಬುದನ್ನು ನೀವೇ ಒಮ್ಮೆ ಬರೆದುನೋಡಿ. ಉಳಿದ 18,800ರಲ್ಲಿ ಸೈಕಲ್ಲಿನ ಹಣ ಒಂದು ಪಾಲು. ಇನ್ನೊಂದು ಪಾಲು ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಂದ ಬರಬೇಕು. ಅವರ ವಾಟ್ಸ್‌ಆ್ಯಪ್ ಗುಂಪಿಗೆ ಬರಿಯ ಮನವಿ ಕಳಿಸಿದರೆ ಕೈ ಮುಗಿದ ಚಿತ್ರ ಮರಳಿ ಬರುತ್ತದೆ, ಹಣ ಬರುವುದಿಲ್ಲ. ದಿನಕ್ಕೊಂದು ಸಲ ನೇಯ್ಗೆಯ ಚೌಕಟ್ಟಿನ ಚಿತ್ರ ಕಳಿಸಿ. ಬಟ್ಟೆ ಬೆಳೆಯುವುದನ್ನು ಕಂಡವರು ತಾವಾಗಿ ವಿಚಾರಿಸುತ್ತಾರೆ. ಮಕ್ಕಳ ಮುಖ ಮತ್ತು ಹೆಸರು ಆ ಚಿತ್ರಗಳಲ್ಲಿ ಇರದಿರಲಿ.

ಮಕ್ಕಳು ಊರಿನೊಳಗೆ ಹೋಗಬೇಕಾದದ್ದು ಹಣಕ್ಕಲ್ಲ, ಕೇಳುವ ಕಿವಿಗಾಗಿ. ಮೂರನೆಯ ತರಗತಿಯಿಂದ ಮೇಲಿನ ಪ್ರತಿ ಮಗುವಿಗೂ “ಕೇಳಿದವರು” ಎಂಬ ತಲೆಬರಹದ ಒಂದು ಹಾಳೆ ಕೊಡಿ. ಸಂಜೆ ಯಾರಿಗಾದರೂ ಒಂದು ಪುಟ ಗಟ್ಟಿಯಾಗಿ ಓದಿ ಹೇಳಿದರೆ ಅವರು ಅಲ್ಲಿ ಸಹಿ ಮಾಡುತ್ತಾರೆ, ಸಹಿ ಬರದವರು ಹೆಬ್ಬೆಟ್ಟು ಒತ್ತುತ್ತಾರೆ. ಅದಕ್ಕೆ ಬೆಲೆ ಇಲ್ಲ, ಎಣಿಕೆಯೂ ಇಲ್ಲ. ಹೀಗೊಮ್ಮೆ ಮಾಡಿಸಿದಾಗ ಹುಡುಗಿಯೊಬ್ಬಳು ಓದುವುದನ್ನು ನಾನು ಅವರ ಮನೆಯಲ್ಲಿಯೇ ಕಂಡೆ. ಪವರ್‌ಲೂಮ್ ಖಟಖಟ ಹೊಡೆಯುತ್ತಿತ್ತು, ಹುಡುಗಿ ಗಂಟಲು ಹರಿಯುವಂತೆ ಓದುತ್ತಿದ್ದಳು, ಅಪ್ಪನಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಆತ ಎರಡು ಸಲ “ಹೂಂ, ಹೂಂ” ಅಂದ. ಮೂರನೆಯ ಸಲ ಎದ್ದು ಹೋಗಿ ಮೋಟಾರು ಬಂದ್ ಮಾಡಿ ಬಂದು, “ಮೊದಲಿಂದ ಓದವ್ವಾ” ಅಂದ. ಕೂಲಿಗೆ ನೇಯುವವನು ಮಗ್ಗ ನಿಲ್ಲಿಸಿದ್ದು ಅವನು ಕೊಟ್ಟ ದೇಣಿಗೆಯೇ. ಅದನ್ನು ಪಾವತಿ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ ಅಷ್ಟೆ.

ಪಾವತಿ ಪುಸ್ತಕದ ಮಾತು ಬಂದದ್ದರಿಂದ ಹಣದ ಶಿಸ್ತಿನ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಪ್ರಕರಣ ಪ್ರವೇಶಕ್ಕಾಗಿ ವಂತಿಗೆ ಪಡೆಯುವುದನ್ನು ನಿಷೇಧಿಸಿದೆ. ಪ್ರವೇಶ ಮುಗಿದ ಮೇಲೆ ನಡೆಯುವ ನಿಮ್ಮ ಕಾರ್ಯಕ್ರಮ ಸ್ವಇಚ್ಛೆಯದೇ ಆದರೂ ಪಾಲಕರಿಗೆ ಬರೆಯುವ ಪತ್ರದಲ್ಲಿ “ಯಾರೂ ಕೊಡಲೇಬೇಕೆಂದಿಲ್ಲ” ಎಂಬ ಸಾಲು ಸ್ಪಷ್ಟವಾಗಿ ಇರಲಿ. ಪಾಲಕರು ಏನಾದರೂ ಕೊಡಬಯಸಿದರೆ ಮುಚ್ಚಿದ ಲಕೋಟೆಯಲ್ಲಿ ಹೆಸರಿಲ್ಲದೆ ಡಬ್ಬಿಗೆ ಹಾಕಲಿ. ಕ್ಯೂಆರ್ ಕೋಡ್ ಶಾಲೆಯ ಖಾತೆಯದೇ ಇರಬೇಕು. ಶಿಕ್ಷಕರ ಸ್ವಂತ ಫೋನಿಗೆ ಒಂದು ರೂಪಾಯಿಯೂ ಬರಬಾರದು, ಎಷ್ಟೇ ಅವಸರವಿದ್ದರೂ. ನಗದಿಗೆ ಕ್ರಮಸಂಖ್ಯೆಯ ರಸೀದಿ, ಇಬ್ಬರ ಸಹಿ, ಮರುದಿನವೇ ಬ್ಯಾಂಕಿಗೆ ಜಮಾ. ಸಂಸ್ಥೆ ದೇಣಿಗೆಯ ತೆರಿಗೆ ವಿನಾಯಿತಿಗೆ ನೋಂದಾಯಿಸಿಕೊಂಡಿದ್ದರೆ, 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ದೊಡ್ಡ ದಾನಿಗಳಿಗೆ ಮೊದಲೇ ತಿಳಿಸಿ.

ಕಾಲವನ್ನು ಆರಿಸುವುದರಲ್ಲಿ ನೀವು ತುಸು ಜಾಣತನ ತೋರಬೇಕು. ಮಕ್ಕಳ ದಿನಾಚರಣೆ ಮತ್ತು ಗ್ರಂಥಾಲಯ ಸಪ್ತಾಹ ಎರಡೂ ಕೂಡಿ ಬರುವುದರಿಂದ ನವೆಂಬರ್ 14ರಿಂದ 20 ಎಂದು ಹೆಚ್ಚಿನವರು ಹೇಳುತ್ತಾರೆ. ಆದರೆ ನಮ್ಮ ಕಡೆಯ ಜಿಲ್ಲೆಗಳಲ್ಲಿ ಆ ಹೊತ್ತಿಗೆ ಕಬ್ಬು ನುರಿಸುವ ಹಂಗಾಮು ಶುರುವಾಗಿರುತ್ತದೆ, ಕಡಿಯಲು ಹೋಗುವವರ ಮಕ್ಕಳು ಶಾಲೆ ಬಿಟ್ಟು ಹೊರಟಿರುತ್ತಾರೆ. ಯಾರಿಗೆ ಈ ಓದು ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಇರುವುದಿಲ್ಲ. ಆದ್ದರಿಂದ ಜುಲೈ 18ರ ಸುಮಾರಿಗೆ ತೊಡಗಿ ಆಗಸ್ಟ್ 12ಕ್ಕೆ ಮುಗಿಸಿ. ರವಿವಾರ ಮತ್ತು ಒಂದೆರಡು ರಜೆ ಕಳೆದರೆ ಇಪ್ಪತ್ತು ದಿನಗಳು ಸಿಗುತ್ತವೆ. ಆಗಸ್ಟ್ 12 ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜನ್ಮದಿನದ ನೆನಪಿಗೆ ಆಚರಿಸುವ ಗ್ರಂಥಪಾಲಕರ ದಿನ. ಮೂರು ದಿನ ಬಿಟ್ಟು ಧ್ವಜಾರೋಹಣಕ್ಕೆ ಪಾಲಕರು ಹೇಗೂ ಶಾಲೆಗೆ ಬರುತ್ತಾರೆ. ಇನ್ನೊಂದು ಕಾರಣ ವ್ಯವಹಾರದ್ದು: ಗಣೇಶ ಚೌತಿ ಹತ್ತಿರವಾದಂತೆ ಓಣಿಓಣಿಯ ಹುಡುಗರು ಪಟ್ಟಿ (ಚಂದಾ) ಎತ್ತಲು ಅದೇ ಅಂಗಡಿಗಳ ಮುಂದೆ ಸಾಲುಗಟ್ಟುತ್ತಾರೆ. ಅವರಿಗಿಂತ ಮುಂಚೆ ನೀವು ಹೋಗಿ ಬಂದಿರಬೇಕು. ರೂಪಣಾತ್ಮಕ ಪರೀಕ್ಷೆಯ ದಿನಗಳನ್ನು ಮಾತ್ರ ಮುಖ್ಯಗುರುಗಳೊಡನೆ ಕುಳಿತು ನೋಡಿಕೊಳ್ಳಿ.

ಇದೇ ಶ್ರಾವಣದ ಕಾಲವೂ ಹೌದು. ಅಧಿಕ ಮಾಸ ಬಂದ ವರ್ಷ ಶ್ರಾವಣ ತಡವಾಗಿ ಬರುತ್ತದೆ, ಆಗ ದಿನಾಂಕವನ್ನೇ ಹಿಡಿಯಿರಿ. ನಮ್ಮ ಕಡೆ ಶ್ರಾವಣದಲ್ಲಿ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ: ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಊರು ಕುಳಿತು ಕೇಳುತ್ತದೆ, ಕೊನೆಯ ದಿನ ಮಂಗಲ. ಓದುವುದು ಎಂದರೆ ಕೂಡಿ ಕೇಳುವುದು ಎಂಬ ರೂಢಿ ಇರುವ ಊರಿಗೆ ಓದಿನ ಉತ್ಸವವನ್ನು ಹೊರಗಿನಿಂದ ತರಬೇಕಾಗಿಲ್ಲ. ಆ ರೀತಿಯನ್ನು ತೆಗೆದುಕೊಳ್ಳಿ, ಧರ್ಮವನ್ನು ಅಲ್ಲ. ನಿಮ್ಮಲ್ಲಿ ಉರ್ದು ಮಾತಾಡುವ ಮನೆಗಳ ಮಕ್ಕಳೂ ಇರಬಹುದು. ಪ್ರತಿದಿನ ಪ್ರಾರ್ಥನೆಯ ನಂತರ ಒಬ್ಬ ಶಿಕ್ಷಕರು ಒಂದು ದೊಡ್ಡ ಕತೆಯ ಒಂದು ಕಂತನ್ನು ಎಲ್ಲರಿಗೂ ಗಟ್ಟಿಯಾಗಿ ಓದಲಿ, ಸರಿಯಾಗಿ ಕುತೂಹಲ ಹುಟ್ಟುವ ಕಡೆಗೆ ನಿಲ್ಲಿಸಿ ಪುಸ್ತಕ ಮುಚ್ಚಲಿ. “ಅಕ್ಕೋರ, ಮುಂದ?” ಎಂಬ ಕೂಗು ಬಂದರೆ ನಿಮ್ಮ ಕಾರ್ಯಕ್ರಮ ಹಾದಿಗೆ ಬಿದ್ದಿತೆಂದು ತಿಳಿಯಿರಿ. ಪಂಚಮಿಗೆ ತವರಿಗೆ ಬಂದ ಅಕ್ಕಂದಿರು, ಅತ್ತೆಯಂದಿರು ಉಂಡಿ ಕಟ್ಟುತ್ತ ಕೇಳಿಸಿಕೊಂಡರೆ “ಕೇಳಿದವರು” ಹಾಳೆ ಒಂದೇ ವಾರದಲ್ಲಿ ತುಂಬುತ್ತದೆ.

ಗಟ್ಟಿಯಾಗಿ ಓದಿದ ನಂತರ ಇಪ್ಪತ್ತು ನಿಮಿಷದ ಓದು. ಈ ಹೊತ್ತನ್ನು ಮನೆಗೆ ಬಿಡಬೇಡಿ. ಮಗ್ಗವಿರುವ ಮನೆಯಲ್ಲಿ ಮೌನ ಸಿಗುವುದಿಲ್ಲ, ಒಂದೇ ಕೋಣೆಯ ಮನೆಯಲ್ಲಿ ಬೆಳಕು ಸಿಗುವುದಿಲ್ಲ. ಆ ಇಪ್ಪತ್ತು ನಿಮಿಷ ಶಿಕ್ಷಕರೂ, ಮುಖ್ಯಗುರುಗಳೂ, ಬಿಸಿಯೂಟದ ಸಿಬ್ಬಂದಿಯಲ್ಲಿ ಬಿಡುವಿದ್ದವರೂ ಪುಸ್ತಕ ಹಿಡಿದು ಕೂರಬೇಕು. ಮಕ್ಕಳಿಗೆ ಓದಲು ಹೇಳಿ ತಾವು ಮೊಬೈಲ್ ನೋಡುತ್ತ ಕುಳಿತ ಶಿಕ್ಷಕರು ಹತ್ತು ದಿನದ ಕೆಲಸವನ್ನು ಹತ್ತು ನಿಮಿಷದಲ್ಲಿ ಕೆಡಿಸುತ್ತಾರೆ. ಓದಿದ ಮೇಲೆ ಪ್ರಶ್ನೋತ್ತರ ಬೇಡ, ಸಾರಾಂಶ ಬರೆಸುವುದು ಬೇಡ. ಪಕ್ಕದವರಿಗೆ ಎರಡು ಮಾತು ಹೇಳಲಿ, ಅದೂ ಮನೆಯ ಮಾತಿನಲ್ಲಿ. ಪುಸ್ತಕದಲ್ಲಿ “ಹೋಗುತ್ತೇನೆ” ಎಂದಿದ್ದನ್ನು ಹುಡುಗ “ಹೊಕ್ಕೀನಿ” ಎಂದು ಹೇಳಿದರೆ ಅವನು ಕತೆಯನ್ನು ತನ್ನದು ಮಾಡಿಕೊಂಡಿದ್ದಾನೆ, ತಿದ್ದಬೇಡಿ. ಹಿಡಿದ ಪುಸ್ತಕ ಹಿಡಿಸದಿದ್ದರೆ ನಡುವೆಯೇ ಇಟ್ಟು ಬೇರೆ ತೆಗೆದುಕೊಳ್ಳುವ ಹಕ್ಕೂ ಅವನಿಗಿರಲಿ.

ಈ ಇಪ್ಪತ್ತು ದಿನಗಳಿಗೆ 212 ಮಕ್ಕಳಿಗೆ ಪುಸ್ತಕ ಎಲ್ಲಿಂದ ಎಂದು ನೀವು ಕೇಳಬಹುದು. ಮೊದಲು ಆ ತಿಜೋರಿಯ ಬೀಗ ತೆಗೆಯಿರಿ. ಒಳಗೆ ನಿಮ್ಮ ಊಹೆಗಿಂತ ಹೆಚ್ಚು ಇದ್ದೀತು, ಗೆದ್ದಲು ಮುಟ್ಟಿರದಿದ್ದರೆ. ನಗರದ ಸಾರ್ವಜನಿಕ ಗ್ರಂಥಾಲಯದಿಂದ ಶಾಲೆಯ ಪತ್ರದ ಮೇಲೆ ಒಂದು ಗಂಟು ಪುಸ್ತಕ ಎರವಲು ಕೇಳಿ. ಸುತ್ತಲಿನ ಹಳ್ಳಿಗಳ ಮಕ್ಕಳು ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಸದಸ್ಯರಾಗಬಹುದು. 2020ರಲ್ಲಿ ತೊಡಗಿದ “ಓದುವ ಬೆಳಕು” ಕಾರ್ಯಕ್ರಮದಿಂದ ಈಚೆಗೆ ಶಾಲಾ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕತೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಇವೆ; ಇಳಿಸಿಕೊಂಡು ಮುದ್ರಿಸಲು ಹಣ ಕೊಡಬೇಕಿಲ್ಲ, ಅನುಮತಿ ಕೇಳಬೇಕಿಲ್ಲ. ಮರಾಠಿ, ಉರ್ದು ಕತೆಗಳೂ ಅಲ್ಲಿ ಸಿಗುತ್ತವೆ. ಮನೆಯಲ್ಲಿ ಆ ಭಾಷೆ ಆಡುವ ಮಗು ಅದರಲ್ಲಿ ಓದಿದರೂ ಒಂದು ಎಳೆ ಒಂದು ಎಳೆಯೇ. ಬೆಳಗಾವಿ, ನಿಪ್ಪಾಣಿ, ಖಾನಾಪುರ ಕಡೆಯ ಶಾಲೆಗಳಿಗಂತೂ ಈ ಮಾತನ್ನು ಒತ್ತಿ ಹೇಳಬೇಕು.

ಮಂಗಲದ ದಿನ ಭಾಷಣಗಳಿಗೆ ಹತ್ತು ನಿಮಿಷ ಮೀರಿ ಕೊಡಬೇಡಿ. ಎಂಟು ತರಗತಿಯ ಎಂಟು ಪಟ್ಟಿ ಬಟ್ಟೆಗಳನ್ನು ಒಂದಕ್ಕೊಂದು ಹೊಲಿದು ಒಂದು ಪರದೆ ಮಾಡಿ ತೂಗುಹಾಕಿ. ಆಗಸ್ಟ್ 15ರಂದು ಬಂದ ಹಣದ ಪೂರ್ಣ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫಲಕದ ಮೇಲೆ ಹಚ್ಚಿ. ಅದೇ ದಿನ ಕನಿಷ್ಠ ಐವತ್ತು ಹೊಸ ಪುಸ್ತಕಗಳಾದರೂ ಮಕ್ಕಳ ಕೈಗೆ ಬರಬೇಕು, ಅದಕ್ಕೆ ಬೇಕಾದ ಹಣವನ್ನು ಮುಂಗಡವಾಗಿ ಆಡಳಿತ ಮಂಡಳಿಯಿಂದ ಪಡೆಯಬೇಕಾದರೂ ಸರಿ. ಆಗಸ್ಟಿನಲ್ಲಿ ಓದಿದ ಮಗುವಿಗೆ ಜನವರಿಯಲ್ಲಿ ಪುಸ್ತಕ ತೋರಿಸಿದರೆ ಎರಡಕ್ಕೂ ಸಂಬಂಧವಿದೆ ಎಂದು ಅದಕ್ಕೆ ಅನಿಸುವುದಿಲ್ಲ. ಉಳಿದ ಖರೀದಿಯನ್ನು ರಾಜ್ಯೋತ್ಸವದ ತಿಂಗಳಿಗೆ ಇಟ್ಟುಕೊಳ್ಳಬಹುದು. ಆಗ ಹಲವು ಪ್ರಕಾಶಕರು ಒಳ್ಳೆಯ ರಿಯಾಯಿತಿ ಕೊಡುತ್ತಾರೆ.

50,000 ಬಂತೆಂದು ಹಿಡಿದರೆ ನಾನಾದರೆ 30,000 ಪುಸ್ತಕಕ್ಕೆ, 12,000 ಕಪಾಟಿಗೆ, 5,000 ರಟ್ಟು ಕಟ್ಟಿಸಲು ಹಾಗೂ ರಿಪೇರಿಗೆ, ಉಳಿದದ್ದು ಕಾರ್ಯಕ್ರಮದ ಖರ್ಚಿಗೆ ಇಡುತ್ತೇನೆ. ಮಕ್ಕಳ ಪುಸ್ತಕ ಸರಾಸರಿ 70 ರೂಪಾಯಿಗೆ ಸಿಕ್ಕರೆ 428 ಪುಸ್ತಕಗಳಾದವು, ಮಗುವಿಗೆ ಎರಡರಂತೆ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕ ಇವರ ಮಕ್ಕಳ ಪುಸ್ತಕಗಳ ಪಟ್ಟಿ ತರಿಸಿ, ನಮೂನೆಗೆಂದು ತಂದ ಪುಸ್ತಕಗಳನ್ನು ಒಂದು ಜಮಖಾನದ ಮೇಲೆ ಹರಡಿ, ಪ್ರತಿ ಮಗುವಿಗೂ ಮೂರು ಹುಣಸೆ ಬೀಜ ಕೊಟ್ಟು, ಬೇಕೆನಿಸಿದ ಪುಸ್ತಕದ ಮುಂದೆ ಇಡಲು ಹೇಳಿ. ಶಿಕ್ಷಕರ ಆಯ್ಕೆಯಲ್ಲಿ ಮಹಾಪುರುಷರ ಜೀವನಚರಿತ್ರೆಗಳೇ ತುಂಬಿರುತ್ತವೆ. ಬೀಜಗಳು ಮಾತ್ರ ಹುಲಿ, ದೆವ್ವ, ರೈಲು ಮತ್ತು ನಗೆಹನಿಗಳ ಮುಂದೆ ರಾಶಿ ಬೀಳುತ್ತವೆ. ಅರ್ಧ ಹಣವನ್ನಾದರೂ ಬೀಜಗಳ ಮಾತಿನಂತೆ ಖರ್ಚು ಮಾಡಿ. ಕಪಾಟು ಗಾಜಿನ ಬಾಗಿಲಿನದು ಬೇಡ. ಎರಡನೆಯ ತರಗತಿಯ ಮಗುವಿನ ಎದೆಯೆತ್ತರಕ್ಕೆ, ಪುಸ್ತಕದ ಮುಖ ಕಾಣುವಂತೆ ಇಳಿಜಾರಾಗಿ ಮಾಡಲು ಊರಿನ ಬಡಿಗೇರರಿಗೆ ಹೇಳಿ.

ಆಗಸ್ಟ್ 16ರ ನಂತರ ಏನು ಮಾಡುತ್ತೀರಿ ಎಂಬುದನ್ನು ಜುಲೈಯಲ್ಲೇ ಗೊತ್ತುಮಾಡಿ. ರಂಗನಾಥನ್ ಅವರು 1931ರಲ್ಲಿ ಬರೆದಿಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಎಂಬುದು. ನಮ್ಮ ಶಾಲೆಗಳ ತಿಜೋರಿಗಳು ಅದನ್ನು ಇನ್ನೂ ಕೇಳಿಸಿಕೊಂಡಿಲ್ಲ. ಏಳನೆಯ ತರಗತಿಯ ಇಬ್ಬರಿಗೆ ಪುಸ್ತಕ ಕೊಡುವ ದಫ್ತರ ವಹಿಸಿ, ವಾರಕ್ಕೆ ಎರಡು ದಿನ ಮನೆಗೆ ಕೊಡಲಿ, ತಿಂಗಳಿಗೊಮ್ಮೆ ಜೋಡಿ ಬದಲಾಗಲಿ. ವರ್ಷದಲ್ಲಿ ಹತ್ತರಲ್ಲಿ ಒಂದು ಪುಸ್ತಕ ಕಳೆಯುತ್ತದೆ ಅಥವಾ ಹರಿಯುತ್ತದೆ ಎಂದು ಮೊದಲೇ ಹಿಡಿದುಕೊಳ್ಳಿ, ಅದಕ್ಕೆ ದಂಡ ಹಾಕಬೇಡಿ. ದಂಡದ ಹೆದರಿಕೆಗೆ ಬಡ ಮನೆಯ ತಾಯಿ ಪುಸ್ತಕವನ್ನು ಅಟ್ಟದ ಮೇಲೆ ಎತ್ತಿಟ್ಟು, ಹೇಳಿದ ದಿನ ಹಾಗೆಯೇ ಮರಳಿ ಕಳಿಸುತ್ತಾಳೆ. ಹರಿದ ಪುಸ್ತಕ ತಂದ ಮಗುವಿನೊಡನೆ ಗೋಂದು, ಕಾಗದ ಹಿಡಿದು ಕುಳಿತು ನೀವೇ ಹಚ್ಚಿ. ರಿಪೇರಿಗೆಂದು ಇಟ್ಟ ಹಣ ಇರುವುದು ಅದಕ್ಕೇ.